ಕೈಯಿಲ್ಲದ ನಾಲ್ಕು ಕುರ್ಚಿಗಳು

ಭ್ರಮರಾಂಬ ನಮ್ಮ ಮನೆಗೆ ಮೊದಲ ಸಲ ಬಂದದ್ದು ೨೦೧೪ನೇ ಇಸವಿ ಏಪ್ರಿಲ್ ಇಪ್ಪತ್ತನೇ ತಾರೀಕು, ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ. ವಿಶಾಖಪಟ್ಟಣದ ನಮ್ಮ ಮನೆಯ ಜಗುಲಿಯ ಮೇಲೆ ಕೂತು ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಗೇಟಿನ ಹತ್ತಿರ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದು ನಿಂತಳು. ನಮಸ್ಕಾರವನ್ನೂ ಹೇಳದೆ, “ನಿಮ್ಮನೇಲಿ ಕೈಯಿಲ್ಲದ ಕುರ್ಚಿ ಇದಾವಂತೆ ಕದಾ?” ಎಂದು ಕನ್ನಡಕ್ಕೆ ತೆಲುಗು ಬೆರೆಸಿ ಕೇಳಿದಳು.

ಮೊದಲ ಸಲ ಬಂದವರು ಕೇಳುವ ಮಾತೇ ಅದು? “ಯಾರಮ್ಮ ನೀನು?” ಎಂದೆ.

“ಮೇಲಿನ ಮನೆ ಅಶ್ವತ್ಥ ಅವರು ಹೇಳಿದರಂಡಿ.”

ಅಶ್ವತ್ಥ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕ್ ಅಧಿಕಾರಿ, ದಾವಣಗೆರೆ ಕಡೆಯವರು. ಅವರ ಮಗಳು ಅಪೂರ್ವಾ ಈಕೆಯ ಹತ್ತಿರ ಪಿಟೀಲು ಕಲಿಯುತ್ತಿದ್ದಳು. ಪರಿಚಯ ಅಷ್ಟಕ್ಕೇ ಮುಗಿಯಿತು. ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ಬಂದವಳು ಊಟದ ಮೇಜಿನ ಸುತ್ತ ಇದ್ದ ಕುರ್ಚಿಗಳನ್ನು ಒಂದೊಂದಾಗಿ ಎಳೆದು, ಒಂದೊಂದರ ಮೇಲೂ ಕೂತು, ಗಲ್ಲವನ್ನು ಎಡಕ್ಕೆ ವಾಲಿಸಿ, ಬಲಗೈಯನ್ನು ಗಾಳಿಯಲ್ಲಿ ಎಳೆದೆಳೆದು ನೋಡಿದಳು. ನಾಲ್ಕಕ್ಕೂ ಹಾಗೇ ಮಾಡಿದಳು. ಹುಣಸೆಹಣ್ಣಿನ ಕೈಯಲ್ಲೇ ನಾನು ನೋಡುತ್ತಾ ನಿಂತೆ.

“ಊರಲ್ಲಿ ಎಲ್ಲಾ ಪ್ಲಾಸ್ಟಿಕ್ ಕುರ್ಚಿ ಪಿನ್ನಿ, ಎಲ್ಲದಕ್ಕೂ ಕೈ. ಶಾಮಿಯಾನದವರ ಹತ್ತಿರಾನೂ ಅದೇ. ಕಮಾನು ಎಳೆಯೋವಾಗ ಮಕ್ಕಳ ಮೊಣಕೈ ತಗಲುತ್ತೆ. ಭೀಮುನಿಪಟ್ಟಣದಲ್ಲಿ ಬೇಸಿಗೆ ಶಿಬಿರ ಮಾಡ್ತಿದ್ದೀನಿ. ಹತ್ತೇ ದಿನ. ಮೇ ಹದಿನೈದಕ್ಕೆ ನಾನೇ ತಂದು ಕೊಡ್ತೀನಿ.”

ಪಿನ್ನಿ ಅಂದರೆ ತೆಲುಗಿನಲ್ಲಿ ಚಿಕ್ಕಮ್ಮ. ಐದು ನಿಮಿಷದ ಹಿಂದೆ ನಾನು ಅವಳಿಗೆ ಯಾರೂ ಅಲ್ಲ.

ಆ ಕುರ್ಚಿಗಳನ್ನು ನಮ್ಮ ಯಜಮಾನರು ೧೯೮೩ರಲ್ಲಿ ಪಾವಗಡದಿಂದ ಇಲ್ಲಿಗೆ ವರ್ಗವಾಗಿ ಬಂದಾಗ ತೇಗದ ಮರ ತಂದು, ಬಡಗಿಯನ್ನು ಮನೆಯಲ್ಲೇ ಕೂರಿಸಿ ಮಾಡಿಸಿದ್ದು. ಆರು ಮಾಡಿಸಬೇಕೆಂದಿದ್ದರು, ಮರ ಐದಕ್ಕೇ ಮುಗಿಯಿತು. ಐದನೆಯದು ಅವರು ಕೂರುತ್ತಿದ್ದದ್ದು. ಅವರು ಹೋದ ಮೇಲೆ ಅದರ ಮೇಲೆ ಯಾರೂ ಕೂರಬಾರದೆಂದು ಅಡುಗೆಮನೆಗೆ ಒಯ್ದು, ಹಳೆಯ ಸೀರೆ ಹೊದಿಸಿ, ಮೇಲೆ ಅಕ್ಕಿ ಡಬ್ಬಿ ಇಟ್ಟಿದ್ದೆ.

“ನಾಲ್ಕೇನಾ ಇರೋದು?” ಎಂದು ಕೇಳಿದಳು.

“ನಾಲ್ಕೇ” ಎಂದೆ.

ಎಣಿಕೆ ತಪ್ಪಿ ಹೇಳುವವಳಲ್ಲ ನಾನು. ಆ ದಿನ ಹೇಳಿದೆ.

ಮಧ್ಯಾಹ್ನ ಆಟೋದವನ ಜೊತೆ ಬಂದು ನಾಲ್ಕನ್ನೂ ಹೇರಿಕೊಂಡು ಹೋದಳು. ಕುರ್ಚಿಯ ಕಾಲಿಗೆ ಹಗ್ಗ ಕಟ್ಟಬೇಡ, ಪಾಲಿಶ್ ಹೋಗುತ್ತದೆ ಎಂದು ಮೂರು ಸಲ ಹೇಳಿದೆ. ಮೂರು ಸಲವೂ “ಹೌದಂಡಿ” ಎಂದಳು, ಎನ್ನುತ್ತಲೇ ಕಾಲಿಗೆ ಹಗ್ಗ ಕಟ್ಟಿದಳು.

ಇವಳು ಯಾರು ಎಂಬುದು ಆಮೇಲೆ ಬಿಡಿಬಿಡಿಯಾಗಿ ತಿಳಿಯಿತು. ಅಪ್ಪ ಇಲ್ಲಿಯ ತೆಲುಗರು, ರೈಲ್ವೆಯಲ್ಲಿದ್ದವರು. ಅಮ್ಮ ಹೊಸಪೇಟೆಯವರು. ಇವಳೂ ರೈಲ್ವೆಯಲ್ಲೇ, ದುವ್ವಾಡದ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತೆ. ಕನ್ನಡ ಮಾತು ತಾಯಿಯದು, ತಾಯಿ ಹೋದ ಮೇಲೆ ಆಡುವುದಕ್ಕೆ ಜನ ಸಿಗದೆ ಅರ್ಧ ತೆಲುಗಾಗಿತ್ತು. ಚಿಕ್ಕವಳಿದ್ದಾಗ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಡ್ರೈವರೊಬ್ಬರು ಇವಳಿಗೆ ವಯೋಲಾ ಕಲಿಸಿದ್ದರಂತೆ. ವಯೋಲಾ ಎಂದರೆ ಪಿಟೀಲಿನ ಹಾಗೆಯೇ ಇರುತ್ತದೆ, ಒಂದು ಸುತ್ತು ದೊಡ್ಡದು, ಧ್ವನಿ ಸ್ವಲ್ಪ ದಪ್ಪ. ಆ ಡ್ರೈವರೂ ಅವರ ಮೂವರು ಸ್ನೇಹಿತರೂ ಭಾನುವಾರ ಸಂಜೆ ವರಾಂಡದಲ್ಲಿ ಎದುರುಬದುರು ಕೂತು ನುಡಿಸುತ್ತಿದ್ದರು. ಎರಡು ಪಿಟೀಲು, ಒಂದು ವಯೋಲಾ, ಕಾಲ ನಡುವೆ ಇಟ್ಟುಕೊಳ್ಳುವ ದೊಡ್ಡ ಚೆಲ್ಲೋ ಒಂದು. ಇವಳು ಮೇಜಿನ ಕೆಳಗೆ ಕೂತು ಕೇಳುತ್ತಿದ್ದಳು.

“ಮುಂದೆ ಯಾರೂ ನಿಲ್ತಿರಲಿಲ್ಲ ಪಿನ್ನಿ. ತಾಳ ಹಾಕೋರಿಲ್ಲ, ಕೋಲು ಆಡಿಸೋರಿಲ್ಲ. ಒಬ್ಬರು ಉಸಿರು ತಗೊಂಡ್ರೆ ನಾಲ್ವರೂ ಶುರು. ಹಾಗೆ ನಾಲ್ಕು ಮಕ್ಕಳು ಮೊದಲಿಂದ ಕೊನೇವರೆಗೆ ನುಡಿಸಬೇಕು. ಒಂದೇ ಒಂದು ಸಲ. ನಾನು ಕೇಳಿಸ್ಕೋಬೇಕು.”

ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಆ ಇಷ್ಟಕ್ಕೆ ಐದು ವರ್ಷ ಅವಳೂ ಒದ್ದಾಡಿ ನನ್ನನ್ನೂ ಒದ್ದಾಡಿಸಿದಳು.

ಶಿಬಿರದ ಎರಡನೇ ದಿನ ಕುರ್ಚಿ ಹೇಗಿವೆಯೋ ನೋಡಿ ಬರೋಣವೆಂದು ಬಸ್ಸಿನಲ್ಲಿ ಭೀಮುನಿಪಟ್ಟಣಕ್ಕೆ ಹೋದೆ. ಸಮುದ್ರದ ಕಡೆಯ ಒಂದು ಸಣ್ಣ ಶಾಲೆ, ಹೆಂಚಿನದು, ರಜೆಗೆ ಖಾಲಿ ಇತ್ತು. ಹತ್ತೊಂಬತ್ತು ಮಕ್ಕಳು. ಹನ್ನೆರಡೂವರೆಯಾಗಿತ್ತು. ಒಲೆ ಹಚ್ಚಿದ ವಾಸನೆಯೇ ಇಲ್ಲ.

“ಮಕ್ಕಳ ಊಟಕ್ಕೆ ಏನು ಮಾಡಿದ್ದೀಯಮ್ಮ?” ಎಂದೆ.

ಅವಳು ಕಮಾನು ಹಿಡಿದ ಕೈಯನ್ನು ಹಾಗೇ ಮೇಲೆ ನಿಲ್ಲಿಸಿ ನನ್ನ ಮುಖ ನೋಡಿದಳು. “ನಿನ್ನೆ ಎಲ್ಲರೂ ಮನೆಯಿಂದ ಡಬ್ಬಿ ತಂದಿದ್ದರು.”

“ಇವತ್ತು?”

“ಇವತ್ತು…” ಎಂದು ಮಕ್ಕಳ ಕಡೆ ತಿರುಗಿದಳು. ಹತ್ತೊಂಬತ್ತು ಮುಖಗಳು ನನ್ನನ್ನು ನೋಡಿದವು.

ಸ್ವರ ಎಷ್ಟು, ತಂತಿ ಎಷ್ಟು, ಯಾರ ಕಮಾನು ಯಾವಾಗ ಮೇಲೆ, ಎಲ್ಲವನ್ನೂ ಬರೆದಿಟ್ಟುಕೊಂಡಿದ್ದಳು. ಅನ್ನ ಬರೆದುಕೊಂಡಿರಲಿಲ್ಲ. ಪಕ್ಕದ ಬೆಸ್ತರ ಮನೆಯವರಿಂದ ದೊಡ್ಡ ಪಾತ್ರೆ ತಂದು ಚಿತ್ರಾನ್ನ ಮಾಡಿ ಬಡಿಸುವ ಹೊತ್ತಿಗೆ ಎರಡು ಗಂಟೆ ದಾಟಿತು. ಮಾರನೆಯ ದಿನದಿಂದ ಉಳಿದ ಎಂಟು ದಿನವೂ ಅಡುಗೆ ನನ್ನದೇ ಆಯಿತು. ಯಾರೂ ಕೇಳಲಿಲ್ಲ, ನಾನೂ ಒಪ್ಪಲಿಲ್ಲ, ಆಯಿತು.

ಅಡುಗೆಮನೆಯ ಕಿಟಕಿಯಿಂದ ಪಾಠ ಕಾಣುತ್ತಿತ್ತು. ಹತ್ತೊಂಬತ್ತರಲ್ಲಿ ಹನ್ನೊಂದು ಮಕ್ಕಳು ನಮ್ಮ ಸಂಗೀತ ಕಲಿತವರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲ ಪಾದದ ಮೇಲೆ ಊರಿಸಿ ನುಡಿಸಿ ಅಭ್ಯಾಸ. ಅವರನ್ನು ಕುರ್ಚಿಗೆ ಹತ್ತಿಸುವುದಕ್ಕೇ ಎರಡು ದಿನ ಹಿಡಿಯಿತು. ಹತ್ತಿದ ಮೇಲೂ ಕಣ್ಣು ಮಾತ್ರ ಗುರುಗಳ ಕೈ ಹುಡುಕುತ್ತಿತ್ತು. ಗುರುಗಳು ತೊಡೆಯ ಮೇಲೆ ತಾಳ ಹಾಕುವುದು, ಶಿಷ್ಯರು ಅದನ್ನು ನೋಡಿ ನುಡಿಸುವುದು, ಹಾಗಲ್ಲವೇ ಎಲ್ಲರೂ ಕಲಿಯುವುದು?

ಭ್ರಮರಾಂಬ “ನನ್ನ ಕಡೆ ನೋಡಬೇಡಿ, ಒಬ್ಬರನ್ನೊಬ್ಬರು ನೋಡಿ” ಎನ್ನುವಳು. ಎಂದು, ಕಾಲಲ್ಲಿ ತಾಳ ತಟ್ಟುವಳು. ಮಕ್ಕಳು ಅವಳ ಕಾಲು ನೋಡುವರು. “ಕಾಲು ನೋಡಬೇಡಿ” ಎಂದು ಕೈಯಲ್ಲಿ ತಟ್ಟುವಳು. ಕೈ ಕಟ್ಟಿಕೊಂಡರೆ ನಾಲಿಗೆಯಲ್ಲಿ ಟಕ್ ಟಕ್ ಎನ್ನುವಳು. ಅದೂ ಆಗದಿದ್ದರೆ “ಒಕಟಿ, ರೆಂಡು, ಮೂಡು, ನಾಲುಗು” ಎಂದು ಬಾಯಿಬಿಟ್ಟು ಎಣಿಸುವಳು.

“ನೀನು ಸುಮ್ಮನಿದ್ದರೆ ತಾನೇ ಅವರು ಬೇರೆ ಕಡೆ ನೋಡೋದು?” ಎಂದು ನಾನು ಒಂದು ದಿನ ಹೇಳಿದೆ.

“ನಾನು ಸುಮ್ಮನಿದ್ದರೆ ತಪ್ಪಿಬಿಡ್ತಾರೆ ಪಿನ್ನಿ.”

“ತಪ್ಪಲಿ.”

“ತಪ್ಪೋದನ್ನ ಕೇಳಿಸಿಕೊಂಡು ಹೇಗೆ ಸುಮ್ಮನಿರಲಿ?”

ನಾನು ಒಲೆಯ ಕಡೆ ತಿರುಗಿ ಸಾರಿಗೆ ಉಪ್ಪು ಹಾಕಿದೆ.

ಕೊನೆಯ ದಿನ ತಂದೆತಾಯಿಗಳೆಲ್ಲ ಬಂದರು. ಒಬ್ಬರು ಸಿನಿಮಾ ಹಾಡು ಇಲ್ಲವೇ ಎಂದು ಕೇಳಿದರು. ಆರು ಜನ ಸರ್ಟಿಫಿಕೇಟ್ ಕೇಳಿದರು. ನನ್ನ ನಾಲ್ಕು ಕುರ್ಚಿಯ ಮೇಲೆ ನಾಲ್ಕು ಮಕ್ಕಳು ಕೂತರು. ಹಿಮಬಿಂದು, ಹತ್ತು ವರ್ಷ, ಮೊದಲ ಪಿಟೀಲು. ಅಖಿಲ್ ಎರಡನೆಯದು. ನಮ್ಮ ಅಪೂರ್ವಾಗೆ ವಯೋಲಾ. ಒಂಬತ್ತು ವರ್ಷದ ವರುಣ್‌ಗೆ ಚೆಲ್ಲೋ, ಅದರ ಹಿಂದೆ ಅವನು ಕಾಣುತ್ತಲೇ ಇರಲಿಲ್ಲ. ಎಂಟು ನಿಮಿಷದ ಒಂದು ಹಳೆಯ ವಿಲಾಯಿತಿ ರಚನೆ. ಮೂರು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಅಖಿಲ್ ಒಂದು ಕಡೆ ತಡವಾದ. ಮುಂದಿನ ಸಾಲಿನಲ್ಲಿದ್ದ ಭ್ರಮರಾಂಬ ಮೈಗೆ ಬೆಂಕಿ ಬಿದ್ದವರ ಹಾಗೆ ಎದ್ದು ನಿಂತು, ಎರಡೂ ಕೈಯಲ್ಲಿ ತಾಳ ಹಾಕುತ್ತಾ ಕೊನೆವರೆಗೂ ನಡೆಸಿದಳು. ಜನ ಚಪ್ಪಾಳೆ ಹೊಡೆದರು. ಅವಳು ಅಡುಗೆಮನೆಗೆ ಬಂದು ನೀರು ಕುಡಿದು, “ಹಾಳು ಮಾಡಿದೆ” ಎಂದಳು. ನಾನು ಇಲ್ಲ ಎನ್ನಲಿಲ್ಲ.

ಮೇ ಹದಿನೈದು ಬಂತು, ಕುರ್ಚಿ ಬರಲಿಲ್ಲ. ಶಾಲೆಯ ಒಂದು ಕೋಣೆಯಲ್ಲಿ ಇಟ್ಟಿದ್ದೇನೆ, ಈ ಭಾನುವಾರ ತರುತ್ತೇನೆ ಎಂದಳು. ಎಷ್ಟು ಭಾನುವಾರ ಹೋದವೋ. ಅಪೂರ್ವಾಳ ಅಪ್ಪನಿಗೆ ಜುಲೈನಲ್ಲಿ ಹುಬ್ಬಳ್ಳಿಗೆ ವರ್ಗವಾಯಿತು. ವಯೋಲಾ ನುಡಿಸುವವಳು ಹೋದಳು. ಅಕ್ಟೋಬರ್‌ನಲ್ಲಿ ಹುದ್‌ಹುದ್ ಗಾಳಿ ಬಂತು. ಊರಿನ ಮರಗಳೆಲ್ಲ ಮಲಗಿದವು, ಆ ಶಾಲೆಯ ಹೆಂಚು ಹಾರಿಹೋಯಿತು. ಗಾಳಿಯ ಹಿಂದಿನ ದಿನ ಇವಳು ಭೀಮುನಿಪಟ್ಟಣಕ್ಕೆ ಓಡಿ, ವಾದ್ಯಗಳನ್ನೆಲ್ಲ ನನ್ನ ಕುರ್ಚಿಗಳ ಮೇಲೆ ಏರಿಸಿ, ಟಾರ್ಪಾಲು ಹೊದಿಸಿ ಕಟ್ಟಿ ಬಂದಿದ್ದಳು. ನೀರು ಕುರ್ಚಿಯ ಕಾಲಿಗೆ ಒಂದು ಗೇಣು ಏರಿ ನಿಂತಿತ್ತು. ವಾದ್ಯಗಳು ನೆನೆದಿರಲಿಲ್ಲ.

“ನಿಮ್ಮ ಕುರ್ಚಿ ಅಲ್ಲಿಲ್ಲದಿದ್ದರೆ ನಮ್ಮ ಗತಿ ಏನಾಗ್ತಿತ್ತು ಪಿನ್ನಿ?” ಎಂದು ನನ್ನನ್ನೇ ಕೇಳಿದಳು. ಆಮೇಲೆ ನಾನು ಯಾವ ಬಾಯಲ್ಲಿ ವಾಪಸು ಕೇಳಲಿ?

೨೦೧೫ರಲ್ಲಿ ಶಾಲೆಗೆ ಸೂರಿಲ್ಲದೆ ಶಿಬಿರ ನಡೆಯಲಿಲ್ಲ. ಆ ವರ್ಷದ ಕೊನೆಗೆ ಅವಳಿಗೆ ವಿಜಯವಾಡಕ್ಕೆ ವರ್ಗವಾಯಿತು. ಮನೆ ಸಾಮಾನಿನ ಲಾರಿಯಲ್ಲಿ ನನ್ನ ಕುರ್ಚಿಗಳೂ ಹೋದವು. ಹೋದ ಮೇಲೆ ಫೋನ್ ಮಾಡಿ, “ಜೋಪಾನವಾಗಿವೆ, ಚಿಂತೆ ಮಾಡಬೇಡಿ” ಎಂದಳು. ಚಿಂತೆ ಶುರುವಾದದ್ದೇ ಆಗ.

೨೦೧೬ರ ಮೇ ತಿಂಗಳಲ್ಲಿ ನಾನೇ ಹೋಗಿ ತರುತ್ತೇನೆಂದು ಮಧ್ಯಾಹ್ನದ ರೈಲು ಹತ್ತಿದೆ. ಅದೇ ಡಬ್ಬಿಯಲ್ಲಿ ಹಿಮಬಿಂದು, ವರುಣ್, ವರುಣ್‌ನ ಅಮ್ಮ ಇದ್ದರು, ಶಿಬಿರಕ್ಕೇ ಹೊರಟಿದ್ದರು. ಚೆಲ್ಲೋ ಒಂದು ಸೀಟಿನಲ್ಲಿ ಕೂತಿತ್ತು. ಟಿಕೆಟ್ ನೋಡುವವನು ಬಂದು, “ಇವರು ಯಾರು?” ಎಂದು ಅದನ್ನು ತೋರಿಸಿದ. ನಾನು ಮಗ್ಗುಲಿಗೆ ತಿರುಗಿ ನಿದ್ದೆ ಬಂದವಳ ಹಾಗೆ ಮಾಡಿದೆ.

ಶಿಬಿರ ವಿಜಯವಾಡದ ಪಕ್ಕದ ಗನ್ನವರಂನಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರದ ಒಂದು ಶಾಲೆಯಲ್ಲಿ. ಇಂಥ ಜಾಗವನ್ನು ಸಂಗೀತಕ್ಕೆ ಹುಡುಕಿದವಳು ಇವಳೊಬ್ಬಳೇ ಇರಬೇಕು. ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಒಂದು ವಿಮಾನ, ಸಂಜೆ ಐದೂ ನಲವತ್ತಕ್ಕೆ ಒಂದು, ನಡುವೆ ಇನ್ನಷ್ಟು, ಎಲ್ಲವೂ ಸೂರಿಗೆ ತಾಗುವ ಹಾಗೆ. ಬಿಸಿಲು ನಲವತ್ತೈದು ಡಿಗ್ರಿ. ಬೆಳಿಗ್ಗೆ ಶ್ರುತಿ ಮಾಡಿದ ತಂತಿ ಹತ್ತು ಗಂಟೆಗೆ ಸಡಿಲ. ಒಂದು ಪಿಟೀಲಿನ ಅಂಟು ಕರಗಿ ಹಲಗೆ ಬಾಯಿಬಿಟ್ಟಿತು.

“ಕುರ್ಚಿ ತಗೊಂಡು ನಾಳೆ ಹೊರಡ್ತೀನಿ” ಎಂದೆ.

“ಆಗಲಿ ಪಿನ್ನಿ. ಅಡುಗೆಯವಳು ಬರ್ತೀನಿ ಅಂದವಳು ಇನ್ನೂ ಬಂದಿಲ್ಲ. ಅವಳು ಬಂದ ತಕ್ಷಣ ಹೊರಡಿ.”

ಆ ಅಡುಗೆಯವಳು ಮೂರು ವರ್ಷವಾದರೂ ಬರಲಿಲ್ಲ. ಅಂಥವಳು ಒಬ್ಬಳಿದ್ದಳೋ ಇಲ್ಲವೋ ನನಗೆ ಈಗಲೂ ಅನುಮಾನ.

ಬೇರೆ ಮೂರು ಕುರ್ಚಿಗೆ ಮಕ್ಕಳು ಸಿಗುತ್ತಿದ್ದರು, ವಯೋಲಾ ಕುರ್ಚಿ ಮಾತ್ರ ಪ್ರತಿವರ್ಷ ಖಾಲಿ. ೨೦೧೬ರಲ್ಲಿ ಭ್ರಮರಾಂಬ ಅಖಿಲ್‌ಗೆ ವಯೋಲಾ ಹಿಡಿಸಿದಳು. ಆರನೆಯ ದಿನ ಅವನಪ್ಪ ಬಂದು ಎಂಜಿನಿಯರಿಂಗ್ ಕೋಚಿಂಗ್ ಶುರುವಾಯಿತೆಂದು ಹುಡುಗನನ್ನು ಎಬ್ಬಿಸಿಕೊಂಡು ಹೋದರು. ಹುಡುಗನಿಗಿನ್ನೂ ಹದಿನಾಲ್ಕು ವರ್ಷ. ೨೦೧೭ರಲ್ಲಿ ಯಾರೂ ಸಿಗದೆ ಇವಳೇ ಆ ಕುರ್ಚಿಯಲ್ಲಿ ಕೂತಳು. ಕೈಗೆ ಕೆಲಸವಿದ್ದುದರಿಂದ ತಾಳವನ್ನು ಹುಬ್ಬಿನಲ್ಲಿ ಹಾಕಿದಳು. ಮಕ್ಕಳು ಮೂವರೂ ಎಂಟು ನಿಮಿಷ ಅವಳ ಹುಬ್ಬು ನೋಡಿದರು.

೨೦೧೮ರಲ್ಲಿ ಸಾಯಿಪ್ರಿಯಾ ಬಂದಳು, ಹದಿಮೂರು ವರ್ಷದ ಹುಡುಗಿ, ಮಾತು ಕಡಿಮೆ, ಕೈ ಉದ್ದ. ಭ್ರಮರಾಂಬ ಕೈ ನೋಡಿಯೇ ವಯೋಲಾ ಕೊಟ್ಟುಬಿಟ್ಟಳು. ಮಾರನೆಯ ದಿನ ತಾಯಿ ರಾಜ್ಯಲಕ್ಷ್ಮಿ ಬಂದಳು. ವಿಜಯವಾಡದ ಹೆಂಗಸು, ಬಟ್ಟೆ ಅಂಗಡಿ ನಡೆಸಿದವಳು, ಮಾತಿಗೆ ಸೋಲುವವಳಲ್ಲ. ಆಡಿದ್ದು ತೆಲುಗಿನಲ್ಲಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

“ನಾಲ್ಕು ವರ್ಷ ಪಿಟೀಲು ಕಲಿಸಿದ್ದೀನಿ ಮೇಡಂಗಾರು. ಈಗ ಇದೇನು, ಹಿಂಬಡ್ತಿಯಾ?”

“ಹಿಂಬಡ್ತಿ ಅಲ್ಲಮ್ಮ. ಇದು ಪಿಟೀಲಿಗಿಂತ ದೊಡ್ಡದು.”

“ದೊಡ್ಡದಾದರೆ ಶಬ್ದ ಯಾಕೆ ಕೇಳಿಸಲ್ಲ?”

“ಇದು ಇಲ್ಲದಿದ್ದಾಗ ಗೊತ್ತಾಗುತ್ತೆ.”

“ಇಲ್ಲದಿದ್ದಾಗ ಗೊತ್ತಾಗೋದಕ್ಕೆ ನನ್ನ ಮಗಳು ಯಾಕೆ ಬರಬೇಕು? ಮನೇಲೇ ಇರ್ತಾಳೆ ಬಿಡಿ.”

ನನಗೆ ನಗು ಬಂತು, ತಡೆದುಕೊಂಡೆ. ಆದರೆ ಸಾಯಿಪ್ರಿಯಾ ಆ ಕುರ್ಚಿ ಬಿಟ್ಟು ಏಳಲಿಲ್ಲ. ಅಮ್ಮ ಕರೆದರೂ ಏಳಲಿಲ್ಲ. “ಇದು ನನ್ನ ಗಂಟಲಿನ ಹಾಗಿದೆ” ಎಂದಳು, ಅಷ್ಟೆ. ಆ ಹುಡುಗಿ ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ವರ್ಷವೂ ಕೊನೆಗೆ ನಡುವೆ ತಪ್ಪಿತು, ಭ್ರಮರಾಂಬ ಎದ್ದಳು, ತಾಳ ಹಾಕಿದಳು. ಆದರೆ ೨೦೧೯ರ ಮೇ ತಿಂಗಳಲ್ಲಿ ಸಾಯಿಪ್ರಿಯಾ ಮತ್ತೆ ಬಂದಳು. ವಯೋಲಾ ಕುರ್ಚಿಗೆ ಅದೇ ಮಗು ಎರಡನೇ ವರ್ಷ ಬಂದದ್ದು ಅದೇ ಮೊದಲ ಸಲ. ಭ್ರಮರಾಂಬಳ ವರ್ಗದ ಮಾತೂ ಗುಂತಕಲ್ ಕಡೆಗೆಂದು ಕೇಳಿಬರುತ್ತಿತ್ತು. ಈ ಸಲ ಆಗದಿದ್ದರೆ ಇನ್ನಿಲ್ಲ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಹೇಳಿದಷ್ಟೂ ಜೋರಾಗಿ ಕಾಲು ತಟ್ಟುತ್ತಿದ್ದಳು. ಮಕ್ಕಳು ಅಷ್ಟೂ ಜೋರಾಗಿ ಅವಳ ಕಾಲನ್ನೇ ನೋಡುತ್ತಿದ್ದರು.

ಮೇ ತಿಂಗಳೆಂದರೆ ಆ ಕಡೆ ಆವಕಾಯಿ ಕಾಲ. ಆ ಸಾಸಿವೆ ಖಾರದ ಮಾವಿನ ಉಪ್ಪಿನಕಾಯಿ ಹಾಕದೆ ಬೇಸಿಗೆ ಕಳೆದವರು ಆ ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಮಗಳನ್ನು ಒಬ್ಬಳನ್ನೇ ಬಿಡಲೂ ಮನಸ್ಸಿಲ್ಲ, ಆವಕಾಯಿ ಬಿಡಲೂ ಮನಸ್ಸಿಲ್ಲ ಎಂದು ರಾಜ್ಯಲಕ್ಷ್ಮಿ ಎರಡನ್ನೂ ಶಿಬಿರಕ್ಕೇ ತಂದಳು. ಶಾಲೆಯ ಹಿತ್ತಿಲಲ್ಲಿ ಹಳೆಯ ಕಲ್ಲೊರಳು ಇತ್ತು. ಸಾಸಿವೆಯನ್ನು ಮಿಕ್ಸಿಗೆ ಹಾಕಿದರೆ ಬಿಸಿಗೆ ಕಹಿಯಾಗುತ್ತದೆ, ಕುಟ್ಟಲೇಬೇಕು ಎಂದಳು. ಅದು ಸರಿಯಾದ ಮಾತೇ. ಎರಡು ಒನಕೆ ತರಿಸಿದ್ದಳು. ಒಂದು ಅವಳಿಗೆ, ಒಂದು ನನಗೆ.

ಮೇ ಹದಿನಾರು, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಶುರು ಮಾಡಿದೆವು. ನನಗಾಗ ಎಪ್ಪತ್ತಮೂರು ವರ್ಷ. ಒನಕೆ ಹಿಡಿದು ಇಪ್ಪತ್ತು ವರ್ಷವಾದರೂ ಆಗಿತ್ತು. ಆದರೆ ಒಂದೇ ಒರಳಿಗೆ ಇಬ್ಬರು ಕುಟ್ಟುವುದು ಮರೆಯುವಂಥದ್ದಲ್ಲ. ಅವಳದು ಏಳುವಾಗ ನನ್ನದು ಬೀಳಬೇಕು. ಒನಕೆಯನ್ನು ನೋಡಬಾರದು, ಎದುರಿನವರ ಭುಜ ನೋಡಬೇಕು, ಅವರು ಉಸಿರೆಳೆದುಕೊಳ್ಳುವುದು ಗೊತ್ತಾಗಬೇಕು. ಹತ್ತು ಏಟಿಗೆ ಇಬ್ಬರಿಗೂ ಹದ ಸಿಕ್ಕಿತು. ಹಿತ್ತಿಲೆಲ್ಲ ಸಾಸಿವೆ ಘಾಟು. ಹಿಮಬಿಂದು, ಸಾಯಿಪ್ರಿಯಾ, ವರುಣ್, ಎರಡನೇ ಪಿಟೀಲಿನ ಕೃಷ್ಣಚೈತನ್ಯ ನಾಲ್ವರೂ ಮೆಟ್ಟಿಲ ಮೇಲೆ ಬಂದು ಕೂತು, ಸೀನುತ್ತಾ ನೋಡುತ್ತಿದ್ದರು.

ಆಗ ಭ್ರಮರಾಂಬ ಬಂದಳು. ಒಂದು ಗಳಿಗೆ ನಿಂತು ನೋಡಿದಳು. ನೋಡಿ ಸುಮ್ಮನಿರಬಹುದಾಗಿತ್ತು. ಮುಖ ಅರಳಿಸಿಕೊಂಡು, ಕೈ ಎತ್ತಿ, “ಒಕಟಿ, ರೆಂಡು, ಒಕಟಿ, ರೆಂಡು” ಎಂದು ನಮಗೂ ಎಣಿಸತೊಡಗಿದಳು.

ನಾಲ್ಕನೆಯ ಎಣಿಕೆಗೆ ಎರಡು ಒನಕೆಗಳೂ ಒಟ್ಟಿಗೆ ಬಿದ್ದು ಒಂದಕ್ಕೊಂದು ಬಡಿದವು. ರಾಜ್ಯಲಕ್ಷ್ಮಿಯ ಹೆಬ್ಬೆರಳು ನಡುವೆ ಸಿಕ್ಕಿತು. ಒರಳಿನ ಸಾಸಿವೆ ಅರ್ಧ ನೆಲದ ಮೇಲೆ.

“ಮೇಡಂಗಾರು” ಎಂದಳು ರಾಜ್ಯಲಕ್ಷ್ಮಿ, ಬೆರಳನ್ನು ಬಾಯಲ್ಲಿಟ್ಟುಕೊಂಡು, “ನಮ್ಮಿಬ್ಬರನ್ನ ಯಾರು ಎಣಿಸಿ ಅಂದ್ರು?”

“ಸಹಾಯ ಆಗಲಿ ಅಂತ…”

“ಚೆನ್ನಾಗಿ ಹೋಗ್ತಿತ್ತು. ನೀವು ಎಣಿಸಿದ್ದಕ್ಕೇ ತಪ್ಪಿತು. ಈ ಅಮ್ಮನ್ನ ನೋಡಬೇಕೋ, ನಿಮ್ಮನ್ನ ಕೇಳಬೇಕೋ?”

ಮೆಟ್ಟಿಲ ಮೇಲೆ ವರುಣ್ ನಗುವುದಕ್ಕೆ ಶುರು ಮಾಡಿದ. ಹಿಮಬಿಂದು ಅವನ ಪಕ್ಕೆಗೆ ತಿವಿದಳು. ಸಾಯಿಪ್ರಿಯಾ ನಗಲಿಲ್ಲ. ಒರಳನ್ನೊಮ್ಮೆ, ಭ್ರಮರಾಂಬಳನ್ನೊಮ್ಮೆ ನೋಡಿದಳು. ಭ್ರಮರಾಂಬ ಎತ್ತಿದ ಕೈಯನ್ನು ಇಳಿಸಿ ಸೆರಗಿನಲ್ಲಿ ಒರೆಸಿಕೊಂಡಳು, ಕೈಯಲ್ಲಿ ಏನೂ ಇರದಿದ್ದರೂ. ಆಮೇಲೆ ನೆಲದ ಮೇಲೆ ಕೂತು ಚೆಲ್ಲಿದ ಸಾಸಿವೆಯನ್ನು ಬಳಿಯತೊಡಗಿದಳು. ತುಂಬಾ ಹೊತ್ತು ಬಳಿದಳು.

ನಾನು ಐದು ವರ್ಷ ಕನ್ನಡದಲ್ಲಿ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ರಾಜ್ಯಲಕ್ಷ್ಮಿಯ ಹೆಬ್ಬೆರಳು ಜಜ್ಜಬೇಕಾಯಿತು.

ಭಾನುವಾರ ಸಂಜೆ ಕಾರ್ಯಕ್ರಮ. ಐದೂ ನಲವತ್ತರ ವಿಮಾನ ಹೋಗಲಿ, ಆಮೇಲೆ ನಾಲ್ವರೂ ಶುರು ಮಾಡಲಿ ಎಂದು ನಿಶ್ಚಯವಾಗಿತ್ತು. ಐದೂವರೆಗೆ ಭ್ರಮರಾಂಬ ಅಡುಗೆಮನೆಗೆ ಬಂದಳು.

“ಪಿನ್ನಿ, ನನಗೆ ಇಲ್ಲೇ ಏನಾದರೂ ಕೆಲಸ ಕೊಡಿ.”

ಬೆಳ್ಳುಳ್ಳಿ ಬುಟ್ಟಿ ಕೊಟ್ಟೆ. ಆವಕಾಯಿಗೆ ಎರಡು ಸೇರು ಬೇಕಿತ್ತು. ಮಣೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಳು. ಐದೂ ನಲವತ್ತಾಯಿತು, ವಿಮಾನ ಬರಲಿಲ್ಲ. ಐದೂ ಐವತ್ತಾಯಿತು, ಬರಲಿಲ್ಲ. ಹಾಲಿನಲ್ಲಿ ಮಕ್ಕಳು ಕಾಯಲಾರದೆ ಶುರು ಮಾಡಿದರು.

ಶುರು ಒಟ್ಟಿಗೇ ಆಯಿತು. ಇವಳ ಬೆರಳು ಬೆಳ್ಳುಳ್ಳಿಯ ಮೇಲೆ ನಿಂತುಬಿಟ್ಟಿತು. ಎಡಗಾಲು ಏಳುವುದನ್ನು ಕಂಡೆ. ಪಕ್ಕದಲ್ಲಿ ಕೂತು ನನ್ನ ಪಾದವನ್ನು ಅವಳ ಪಾದದ ಮೇಲೆ ಇಟ್ಟೆ.

“ಪಿನ್ನಿ, ನೋಯುತ್ತೆ.”

“ನೋಯಲಿ. ಬಿಡಿಸು.”

ಮೂರು ನಿಮಿಷ ಕಳೆಯಿತು. ಒಂದು ಕಡೆ ಸ್ವಲ್ಪ ಅಲುಗಾಡಿತು, ಹಿಂದೆಲ್ಲ ತಪ್ಪುತ್ತಿದ್ದ ಜಾಗವೇ. ಇವಳು ಅರ್ಧ ಎದ್ದಳು. ನಾನು ಪಾದ ಒತ್ತಿದೆ. ಅಷ್ಟರಲ್ಲಿ ವಯೋಲಾದ ದಪ್ಪ ಧ್ವನಿ ಒಂದು ಹೆಜ್ಜೆ ಮುಂದೆ ಬಂದು ನಿಂತ ಹಾಗೆ ಕೇಳಿಸಿತು, ಉಳಿದವರು ಅದರ ಪಕ್ಕಕ್ಕೆ ಬಂದರು. ಇವಳು ಮತ್ತೆ ಕೂತಳು.

ನಿಧಾನವಾಗಿ ನುಡಿಸುವ ಭಾಗ ಬಂದಾಗ ವಿಮಾನ ಬಂತು, ಹದಿನೈದು ನಿಮಿಷ ತಡವಾಗಿ. ಅದರ ಸದ್ದಿಗೆ ಶೆಲ್ಫಿನ ಮೇಲಿನ ತಟ್ಟೆಗಳು ಗಲಗಲ ಎಂದವು. ಹಾಲಿನಿಂದ ಏನೂ ಕೇಳಿಸಲಿಲ್ಲ. ಮಕ್ಕಳಿಗೂ ಒಬ್ಬರದೊಬ್ಬರಿಗೆ ಕೇಳಿಸುತ್ತಿರಲಿಲ್ಲವೆಂದು ಕಾಣುತ್ತದೆ. ಇವಳು ನನ್ನ ಮೊಣಕೈ ಹಿಡಿದುಕೊಂಡಳು. ಏನೋ ಹೇಳಿದಳು, ಆ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ. ನಿಲ್ಲಿಸಿಬಿಟ್ಟರು ಎಂದಿರಬೇಕು. ನನಗೂ ಹಾಗೇ ಅನ್ನಿಸಿತು.

ವಿಮಾನ ದೂರವಾಯಿತು. ಸದ್ದು ತೆಳುವಾಗುತ್ತಾ ಹೋದ ಹಾಗೆ ಅದರ ಕೆಳಗಿನಿಂದ ಅವರು ಕೇಳಿಸಿದರು. ನಾಲ್ವರೂ ಇದ್ದರು. ಒಬ್ಬರೂ ಹಿಂದೆ ಬಿದ್ದಿರಲಿಲ್ಲ, ಒಬ್ಬರೂ ಮುಂದೆ ಓಡಿರಲಿಲ್ಲ. ಸದ್ದು ಕೇಳದಿದ್ದಾಗ ಒಬ್ಬರ ಭುಜ ಒಬ್ಬರು ನೋಡಿಕೊಂಡರಂತೆ, ಆಮೇಲೆ ಹಿಮಬಿಂದು ಹೇಳಿದಳು. ಇವಳ ಕಾಲು ನನ್ನ ಪಾದದ ಕೆಳಗೆ ಅಲುಗಲಿಲ್ಲ. ಕೊನೆಯ ಸ್ವರವನ್ನು ನಾಲ್ವರೂ ಒಟ್ಟಿಗೆ ಬಿಟ್ಟರು.

ಚಪ್ಪಾಳೆ ಬಿದ್ದಿತು. ಇವಳು ಎದ್ದು ಹಾಲಿಗೆ ಓಡುತ್ತಾಳೆಂದುಕೊಂಡೆ. ಓಡಲಿಲ್ಲ. ಎರಡು ಸೇರು ಬೆಳ್ಳುಳ್ಳಿಯನ್ನೂ ಬಿಡಿಸಿ ಮುಗಿಸಿದಳು. ಅಷ್ಟು ಹೊತ್ತು ಸುಮ್ಮನಿದ್ದ ಭ್ರಮರಾಂಬಳನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ನಿಜ ಹೇಳುವುದಾದರೆ ಭಯವಾಯಿತು.

ಮಾರನೆಯ ದಿನ ನನ್ನನ್ನು ರೈಲಿಗೆ ಹತ್ತಿಸಲು ಬಂದಳು. ಈ ಸಲ ಕುರ್ಚಿಗಳನ್ನು ಜೊತೆಗೇ ಕಳಿಸುವುದೆಂದು ಮಾತಾಗಿತ್ತು. ಕುರ್ಚಿಗಳ ಬದಲು ಒಂದು ಜಾಡಿ ಆವಕಾಯಿ ಬಂದಿತ್ತು.

“ಕುರ್ಚಿ ಎಲ್ಲಿ?” ಎಂದೆ.

“ಗುಂತಕಲ್ ವರ್ಗ ನಿಂತುಹೋಯಿತು ಪಿನ್ನಿ. ಬೆಳಿಗ್ಗೆ ಫೋನ್ ಬಂತು.”

“ನಾನು ಕೇಳಿದ್ದು ಕುರ್ಚಿ.”

“ಹೇಳ್ತೀನಿ ಕೇಳಿ. ಐದು ಜನ ನುಡಿಸೋ ರಚನೆಗಳೂ ಇರ್ತವೆ. ಎರಡು ಪಿಟೀಲು, ಚೆಲ್ಲೋ, ವಯೋಲಾ ಎರಡು. ಸಾಯಿಪ್ರಿಯಾ ಮೊದಲನೆಯದು ನುಡಿಸಲಿ. ಎರಡನೆಯದಕ್ಕೆ ನಾನು ಅವಳ ಪಕ್ಕ ಕೂತ್ಕೋತೀನಿ. ಕಾಲು ತಟ್ಟಲ್ಲ. ಅವಳ ಭುಜ ನೋಡ್ಕೊಂಡು ನುಡಿಸ್ತೀನಿ. ಇನ್ನು ಮುಂದೆ ನಿಲ್ಲೋದಿಲ್ಲ, ಅವರ ಜೊತೆ ಕೂರಬೇಕು.”

“ಕೂತ್ಕೋ. ಯಾರು ಬೇಡ ಅಂದರು?”

ಗಾಡಿ ಅಲುಗಿತು. ಅವಳು ಕಿಟಕಿಯ ಕಂಬಿ ಹಿಡಿದು ನಡೆಯತೊಡಗಿದಳು. ಬಿಡಮ್ಮ, ಬೀಳ್ತೀಯ ಎಂದೆ. ಬಿಡಲಿಲ್ಲ.

“ಪಿನ್ನಿ, ಮೊದಲ ದಿನ ನಿಮ್ಮನೆಗೆ ಬಂದಾಗ ಅಡುಗೆಮನೇಲಿ ಅಕ್ಕಿ ಡಬ್ಬಿ ಕೆಳಗೆ, ಸೀರೆ ಹೊದಿಸಿ ಒಂದು ಕುರ್ಚಿ ಇಟ್ಟಿದ್ದಿರಿ ಕದಾ, ಅದಕ್ಕೆ ಕೈ ಇದೆಯಾ, ಇಲ್ವಾ?”